ಮುಖ್ಯಸ್ಥರ ಸಮಯ: ಬೆಲೆ ಕಟ್ಟುವುದು ಹೇಗೆ, ಕಾಪಾಡಿಕೊಳ್ಳುವುದು ಹೇಗೆ

ವಾರದ ಕೊನೆಯ ದಿನ ಕೆಲಸ ಮುಗಿಸಿ ಏಳುವಾಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ವಾರ ನಾನು ಮಾಡಿದ ಯಾವ ಕೆಲಸದ ಫಲ ಮೂರು ವರ್ಷ ಕಳೆದ ಮೇಲೂ ನನ್ನ ಸಂಸ್ಥೆಯಲ್ಲಿ ಉಳಿದಿರುತ್ತದೆ? ಬಹಳ ಮಂದಿಗೆ ಉತ್ತರ ಹೊಳೆಯುವುದಿಲ್ಲ. ಹಾಗಂತ ಅವರು ಸುಮ್ನೆ ಕೂತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪುರುಸೊತ್ತೇ ಇರಲಿಲ್ಲ. ಫೋನು, ಮೀಟಿಂಗು, ಸಹಿ, ಯಾರದೋ ತಕರಾರು, ಇನ್ಯಾರದೋ ಅರ್ಜಂಟು. ದಿನವೇನೋ ತುಂಬಿತ್ತು. ಅದನ್ನು ತುಂಬಿಸಿದವರು ಮಾತ್ರ ಬೇರೆಯವರು.

ಒಂದು ಸಣ್ಣ ಸಂಸ್ಥೆ ನಡೆಸುತ್ತಾ ನಾನೂ ಹಲವು ವರ್ಷ ಹೀಗೇ ಕಳೆದೆ. ಆಗ ನನಗೆ ಹೊಳೆದ ಮೊದಲ ಉಪಾಯ ಬಾಗಿಲು ಹಾಕಿಕೊಳ್ಳುವುದು. ಬೆಳಗ್ಗೆ ಎರಡು ಗಂಟೆ ಯಾರೂ ಒಳಗೆ ಬರಬೇಡಿ ಎಂದೆ. ಒಂದು ವಾರ ಚೆನ್ನಾಗೇ ನಡೆಯಿತು. ಆಮೇಲೆ ಬಾಗಿಲ ಹೊರಗೆ ಕೆಲಸ ನಿಲ್ಲತೊಡಗಿತು. ನನ್ನ ಒಂದು 'ಹೂಂ'ಗಾಗಿ ನಾಲ್ಕು ಜನ ಕೈಕಟ್ಟಿ ಕಾಯುತ್ತಿದ್ದರು. ಬಾಗಿಲು ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ಬರುತ್ತಿದ್ದರು. ಉಳಿಸಿದ ಎರಡು ಗಂಟೆ ಮಧ್ಯಾಹ್ನದ ಹೊತ್ತಿಗೆ ಬಡ್ಡಿ ಸಮೇತ ಹೋಗಿರುತ್ತಿತ್ತು. ಬಾಗಿಲು ಹಾಕಿದರೆ ಸಾಲದು, ಅವರೆಲ್ಲ ನನ್ನ ಬಾಗಿಲಿಗೇ ಯಾಕೆ ಬರಬೇಕಾಗಿದೆ ಅನ್ನುವುದನ್ನು ಸರಿಮಾಡಬೇಕು ಎಂದು ನನಗೆ ಅರ್ಥವಾಗಿದ್ದು ಆಗ. ಮುಂದಿನ ಹಂತಗಳೆಲ್ಲ ಆ ತಿಳಿವಳಿಕೆಯಿಂದಲೇ ಹುಟ್ಟಿದವು.

ಇದು ಸಣ್ಣ ಸಂಸ್ಥೆಗಳ ಪಾಡು ಮಾತ್ರ ಎಂದುಕೊಳ್ಳಬೇಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಪೋರ್ಟರ್ ಮತ್ತು ನಿತಿನ್ ನೊಹ್ರಿಯಾ 27 ದೊಡ್ಡ ಕಂಪನಿಗಳ ಮುಖ್ಯಸ್ಥರ ಸಮಯವನ್ನು ತಲಾ 13 ವಾರ ಲೆಕ್ಕ ಇಡಿಸಿದರು. 2018ರಲ್ಲಿ ಅದರ ಫಲಿತಾಂಶ ಹೊರಬಂತು. ಆ ಮುಖ್ಯಸ್ಥರು ವಾರಕ್ಕೆ ಸರಾಸರಿ 62.5 ಗಂಟೆ ದುಡಿಯುತ್ತಿದ್ದರು. ಅದರಲ್ಲಿ ಶೇ 72ರಷ್ಟು ಮೀಟಿಂಗುಗಳಿಗೇ ಹೋಗುತ್ತಿತ್ತು. ಶೇ 36ರಷ್ಟು ಸಮಯ ತಾನಾಗಿ ಎದ್ದು ಬಂದ ವಿಷಯಗಳನ್ನು ನಿಭಾಯಿಸುವುದಕ್ಕೆ. ಗ್ರಾಹಕರ ಜೊತೆ ಕಳೆದದ್ದು ಬರೀ ಶೇ 3. ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನನಗೆ ಸಮಾಧಾನವಾಗಲಿಲ್ಲ, ಗಾಬರಿಯಾಯಿತು. ಅಷ್ಟೊಂದು ಸಹಾಯಕರು ಇರುವವರ ಕಥೆಯೇ ಹೀಗಾದರೆ ನಮ್ಮದು ಹೇಗಿರಬೇಡ?

ಹಂತ 1: ಎರಡು ವಾರ ಬರೆದಿಡಿ

ಮೊದಲು ಏನನ್ನೂ ಬದಲಾಯಿಸಬೇಡಿ. ಸಮಯ ಎಲ್ಲಿಗೆ ಹೋಗುತ್ತಿದೆ ಎಂದು ಸುಮ್ಮನೆ ಬರೆಯಿರಿ. 'ನನಗೆ ಗೊತ್ತು' ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದ್ದೆ. ದಿನದ ಅರ್ಧ ಮಾರಾಟದ ಕೆಲಸಕ್ಕೆ ಹೋಗುತ್ತದೆ ಎಂದು ನಂಬಿದ್ದೆ. ಬರೆದು ನೋಡಿದರೆ ಕಾಲು ಭಾಗವೂ ಇರಲಿಲ್ಲ. ನೆನಪು ನಮಗೆ ಇಷ್ಟವಾದದ್ದನ್ನು ಜಾಸ್ತಿ ಮಾಡಿ ತೋರಿಸುತ್ತದೆ.

ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದರೂ ಆಗದು. ನೀವು ಏನು ಮಾಡಬೇಕೆಂದುಕೊಂಡಿದ್ದಿರಿ ಎನ್ನುವುದು ಅದರಲ್ಲಿ ಇರುತ್ತದೆ. 'ಸರ್, ಎರಡೇ ನಿಮಿಷ' ಎಂದು ಬಂದವರು ಅದರಲ್ಲಿ ಸಿಗುವುದಿಲ್ಲ. ನಡುವೆ ಬಂದ ಹನ್ನೊಂದು ಫೋನು ಅದರಲ್ಲಿ ಇರುವುದಿಲ್ಲ. ನಿರ್ವಹಣೆಯ ವಿದ್ವಾಂಸ ಹೆನ್ರಿ ಮಿಂಟ್ಸ್‌ಬರ್ಗ್ ಐದು ಮಂದಿ ಮುಖ್ಯಸ್ಥರ ದಿನಚರಿಯನ್ನು ಹತ್ತಿರದಿಂದ ಗಮನಿಸಿ 1973ರಲ್ಲಿ ಬರೆದರು. ಅವರು ಮಾಡುತ್ತಿದ್ದ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷವನ್ನೂ ದಾಟುತ್ತಿರಲಿಲ್ಲ. ಅದು ಮೊಬೈಲ್ ಇಲ್ಲದ ಕಾಲ, ನೆನಪಿರಲಿ.

ಬರೆಯುವ ರೀತಿ ಸುಲಭ. ಫೋನಿನಲ್ಲಿ ಅರ್ಧ ಗಂಟೆಗೊಮ್ಮೆ ಸಣ್ಣ ಗಂಟೆ ಬಾರಿಸುವ ಹಾಗೆ ಇಡಿ. ಪ್ರತಿ ಸಲ ನಾಲ್ಕು ವಿಷಯ ಬರೆಯಿರಿ. ಏನು ಮಾಡುತ್ತಿದ್ದೆ? ಇದನ್ನು ಶುರು ಮಾಡಿದ್ದು ಯಾರು, ನಾನಾ ಬೇರೆಯವರಾ? ಇದಕ್ಕೆ ನಾನೇ ಬೇಕಿತ್ತಾ? ತಲೆ ಚುರುಕಾಗಿತ್ತಾ, ದಣಿದಿತ್ತಾ? ಒಂದೊಂದಕ್ಕೆ ಎರಡು ಪದ ಸಾಕು. ಕಾಗದದ ಮೇಲೆ ಬರೆದರೂ ಆಗುತ್ತದೆ. ಸಂಜೆ ಒಟ್ಟಿಗೆ ಬರೆಯುತ್ತೇನೆ ಎಂದರೆ ಮಾತ್ರ ಕೆಟ್ಟಿತು, ಆಗ ಮತ್ತೆ ನೆನಪನ್ನೇ ನಂಬಿದಂತೆ.

ಎರಡು ವಾರ ಯಾಕೆಂದರೆ ಒಂದು ವಾರ ಯಾವಾಗಲೂ 'ಈ ವಾರ ಸ್ವಲ್ಪ ಬೇರೆ' ಆಗಿರುತ್ತದೆ. ಎರಡನೇ ವಾರವೂ ಹಾಗೇ ಇದ್ದರೆ ಅದೇ ನಿಮ್ಮ ಮಾಮೂಲಿ ಬದುಕು.

ಮುಗಿದ ಮೇಲೆ ಎರಡನೇ ಪ್ರಶ್ನೆಯ ಉತ್ತರಗಳನ್ನು ಮೊದಲು ಕೂಡಿಸಿ. ಬೇರೆಯವರು ಶುರು ಮಾಡಿದ್ದು ಅರ್ಧಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ದಿನದ ಯಜಮಾನಿಕೆ ನಿಮ್ಮ ಕೈಯಲ್ಲಿಲ್ಲ. ಆಮೇಲೆ ಮೂರನೆಯದನ್ನು ನೋಡಿ. 'ನಾನೇ ಬೇಕಿರಲಿಲ್ಲ' ಎಂದು ಬಂದ ಪ್ರತಿ ಸಾಲಿನ ಪಕ್ಕ, ಹಾಗಾದರೆ ಯಾರು ಸಾಕಿತ್ತು ಎಂದು ಒಂದು ಹೆಸರು ಬರೆಯಿರಿ. ಈ ಹಾಳೆಯನ್ನು ಎತ್ತಿಟ್ಟುಕೊಳ್ಳಿ. ನಾಲ್ಕನೇ ಹಂತಕ್ಕೆ ಬೇಕು.

ಹಂತ 2: ಒಂದು ಗಂಟೆಗೆ ಬೆಲೆ ಕಟ್ಟಿ

ಬೆಲೆ ಗೊತ್ತಿಲ್ಲದ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ. ವಾರಕ್ಕೆ 50 ಗಂಟೆ, ವರ್ಷಕ್ಕೆ 50 ವಾರ ಎಂದರೆ 2,500 ಗಂಟೆ. ನಿಮ್ಮ ಸಂಸ್ಥೆ ಈ ವರ್ಷ ಗಳಿಸಬೇಕೆಂದಿರುವ ಲಾಭದಲ್ಲಿ ನಿಮ್ಮ ದುಡಿಮೆಯನ್ನೇ ನೆಚ್ಚಿಕೊಂಡಿರುವ ಪಾಲು ಎಷ್ಟು ಎಂದು ಅಂದಾಜು ಮಾಡಿ. ಅದನ್ನು 2,500ರಿಂದ ಭಾಗಿಸಿ. ಬಂದ ಮೊತ್ತ ನಿಮ್ಮ ಒಂದು ಗಂಟೆಯ ಬೆಲೆ. ನಿಮ್ಮ ಸಂಬಳವನ್ನು ಗಂಟೆಗೆ ಹಂಚಿದರೆ ಬರುವುದಕ್ಕಿಂತ ಇದು ಸಾಮಾನ್ಯವಾಗಿ ಬಹಳ ಜಾಸ್ತಿ. ಸಂಬಳದ ಲೆಕ್ಕವೊಂದನ್ನೇ ಹಿಡಿದರೆ ತಪ್ಪು ದಾರಿಗೆ ಹೋಗುತ್ತೀರಿ.

ಈ ಮೊತ್ತ ಪೈಸೆ ಪೈಸೆಗೂ ಸರಿಯಾಗಿರಬೇಕಿಲ್ಲ. ಒಂದು ಕೆಲಸಕ್ಕೆ ಕೈಹಾಕುವ ಮುಂಚೆ, ಇಷ್ಟು ಬೆಲೆ ಕೊಟ್ಟು ಈ ಕೆಲಸ ಮಾಡಿಸಲು ನಾನು ಹೊರಗಿನವರನ್ನು ಕರೆಯುತ್ತಿದ್ದೆನಾ ಎಂದು ಕೇಳಿಕೊಳ್ಳುವ ಹಾಗಾದರೆ ಸಾಕು. ಪ್ರಯಾಣದ ಟಿಕೆಟ್ ಹುಡುಕುತ್ತಾ ಮುಕ್ಕಾಲು ಗಂಟೆ ಕಳೆದಾಗ ಈ ಪ್ರಶ್ನೆ ಚುಚ್ಚುತ್ತದೆ. ಚುಚ್ಚಲಿ.

ಇಲ್ಲಿ ಒಂದು ಎಚ್ಚರ ಬೇಕು. ಎಲ್ಲ ಗಂಟೆಗೂ ಒಂದೇ ಬೆಲೆ ಇಲ್ಲ. ಹತ್ತನೇ ಹಂತದವರೆಗೂ ನಿಮಗೆ ಇದು ನೆನಪಿರಬೇಕು: ತಲೆ ಚುರುಕಾಗಿರುವ ಒಂದು ಗಂಟೆ, ದಣಿದ ಮೂರು ಗಂಟೆಗೆ ಸಮ. ಒಂದನೇ ಹಂತದಲ್ಲಿ ಬರೆದ ನಾಲ್ಕನೇ ಉತ್ತರ ಇದಕ್ಕೇ. ದಿನದಲ್ಲಿ ನಿಮ್ಮ ಚುರುಕು ಹೊತ್ತು ಯಾವುದು ಎಂದು ಅದೇ ಹೇಳುತ್ತದೆ. ಕೆಲವರಿಗೆ ಬೆಳಗಿನ ಜಾವ, ಕೆಲವರಿಗೆ ಸಂಜೆ. ಇದರಲ್ಲಿ ಬೇರೆಯವರ ಅಭ್ಯಾಸವನ್ನು ನೋಡಿ ಅನುಸರಿಸುವುದು ಬೇಡ.

ಇನ್ನೊಂದು ಮಾತು. ಕಷ್ಟದಲ್ಲಿರುವ ಸಹೋದ್ಯೋಗಿಯ ಮಾತು ಕೇಳುವ ಅರ್ಧ ಗಂಟೆಯನ್ನು ಈ ತಕ್ಕಡಿಯಲ್ಲಿ ಇಡಬೇಡಿ. ಅಂಥ ಹೊತ್ತಿನಲ್ಲಿ ಗಡಿಯಾರ ನೋಡುವ ಮುಖ್ಯಸ್ಥರನ್ನು ಜನ ಮರೆಯುವುದಿಲ್ಲ. ಉಳಿದ ಕಡೆ ಬಿಗಿಯಾಗಿದ್ದರೆ ಇಂಥ ಕಡೆ ಧಾರಾಳವಾಗಿರಲು ಆಗುತ್ತದೆ.

ಹಂತ 3: ನೀವೇ ಮಾಡಬೇಕಾದ ಕೆಲಸ ಯಾವುದು?

ಒಂದು ಹಾಳೆ ತೆಗೆದುಕೊಳ್ಳಿ. ನೀವು ಒಂದು ತಿಂಗಳು ಯಾರ ಕೈಗೂ ಸಿಗದೆ ಹೋದರೆ ನಿಜವಾಗಿ ಕೆಡುವ ಕೆಲಸಗಳನ್ನು ಬರೆಯಿರಿ. ತಡವಾಗುವ ಕೆಲಸ ಬೇಡ, ಕೆಡುವಂಥದ್ದು ಮಾತ್ರ. ಪಟ್ಟಿ ಐದು ಸಾಲು ದಾಟಬಾರದು. ದಾಟಿದರೆ ನೀವು ನಿಮ್ಮ ಮೇಲೆ ಇಟ್ಟುಕೊಂಡಿರುವ ನಂಬಿಕೆ ಸ್ವಲ್ಪ ಜಾಸ್ತಿಯಾಗಿದೆ, ಜನರ ಮೇಲಿನದು ಕಡಿಮೆಯಾಗಿದೆ.

ಬಹುತೇಕ ಸಂಸ್ಥೆಗಳಲ್ಲಿ ಈ ಪಟ್ಟಿ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಸಂಸ್ಥೆ ಯಾವ ಕಡೆಗೆ ಹೋಗಬೇಕು ಎಂದು ತೀರ್ಮಾನಿಸುವುದು. ಮುಖ್ಯ ಜಾಗಗಳಿಗೆ ಸರಿಯಾದ ಜನರನ್ನು ಆರಿಸಿ ಬೆಳೆಸುವುದು. ದೊಡ್ಡ ಬಂಡವಾಳ ಎಲ್ಲಿಗೆ ಹೋಗಬೇಕೆಂದು ಹೇಳುವುದು. ನಿಮ್ಮ ಮುಖ ನೋಡಿಯೇ ನಿಂತಿರುವ ನಾಲ್ಕಾರು ಸಂಬಂಧಗಳನ್ನು ಕಾಯುವುದು. ಇದಕ್ಕೆ ನಾನು ತಪ್ಪದೆ ಸೇರಿಸುವ ಒಂದು ಸಾಲಿದೆ: ಗ್ರಾಹಕರ ಮಾತನ್ನು ನಡುವೆ ಯಾರೂ ಇಲ್ಲದೆ ಕೇಳುವುದು. ಆ ಶೇ 3ರ ಅಂಕಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಗ್ರಾಹಕ ಹೇಳಿದ್ದು ನಾಲ್ಕು ಬಾಯಿ ದಾಟಿ ಮುಖ್ಯಸ್ಥರ ಕಿವಿಗೆ ಬರುವಷ್ಟರಲ್ಲಿ ಅದರ ಖಾರವೆಲ್ಲ ಹೋಗಿರುತ್ತದೆ.

ಈಗ ಈ ಪಟ್ಟಿಯನ್ನು ಎರಡು ವಾರದ ಲೆಕ್ಕದ ಪಕ್ಕ ಇಡಿ. ಐದು ಸಾಲುಗಳಿಗೆ ಒಟ್ಟು ಎಷ್ಟು ಗಂಟೆ ಸಿಕ್ಕಿದೆ? ಈ ಅಂತರವನ್ನು ಕಣ್ಣಾರೆ ನೋಡದೆ ಯಾರೂ ಬದಲಾಗುವುದಿಲ್ಲ ಎನ್ನುವುದು ನನ್ನ ಅನುಭವ.

ಹಂತ 4: ತೀರ್ಮಾನಗಳನ್ನು ಕೈದಾಟಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುತ್ತೇನೆ ಎನ್ನುವುದಾದರೆ ಇದನ್ನು ಮಾಡಿ.

ಕೆಲಸ ಹಂಚುವುದು ಬಹಳ ಜನಕ್ಕೆ ಗೊತ್ತು. ತೀರ್ಮಾನ ಹಂಚುವುದು ಗೊತ್ತಿಲ್ಲ. 'ಈ ಕೆಲಸ ನೀವು ನೋಡಿಕೊಳ್ಳಿ' ಎನ್ನುತ್ತೇವೆ. ಪ್ರತಿ ತಿರುವಿನಲ್ಲೂ ನಮ್ಮನ್ನು ಕೇಳಲಿ ಎಂದೂ ಬಯಸುತ್ತೇವೆ. ಆಗ ಕೈ ಅವರದು, ತಲೆ ನಮ್ಮದೇ. ಸಮಯ ಉಳಿಯುವುದಿಲ್ಲ. ಮಾಡುವ ಹೊತ್ತು ಕಡಿಮೆಯಾಗಿ ಉತ್ತರ ಹೇಳುವ ಹೊತ್ತು ಜಾಸ್ತಿಯಾಗುತ್ತದೆ, ಅಷ್ಟೇ.

ಅಮೆಜಾನಿನ ಜೆಫ್ ಬೆಜೋಸ್ ಷೇರುದಾರರಿಗೆ ಬರೆದ 2015ನೇ ಸಾಲಿನ ಪತ್ರದಲ್ಲಿ ತೀರ್ಮಾನಗಳನ್ನು ಎರಡು ಬಗೆಯ ಬಾಗಿಲುಗಳಿಗೆ ಹೋಲಿಸಿದರು. ಕೆಲವು ಬಾಗಿಲು ಒಮ್ಮೆ ದಾಟಿದರೆ ಹಿಂದಕ್ಕೆ ಬರಲು ಆಗದಂಥವು. ಅಲ್ಲಿ ನಿಧಾನವಾಗಿ, ಹತ್ತು ಸಲ ಯೋಚಿಸಿ ಕಾಲಿಡಬೇಕು. ಉಳಿದವು ಹೋಗಿ ನೋಡಿ ಸರಿಯಿಲ್ಲದಿದ್ದರೆ ವಾಪಸ್ ಬರಬಹುದಾದಂಥವು. ಹೆಚ್ಚಿನ ತೀರ್ಮಾನಗಳು ಎರಡನೇ ಬಗೆಯವು. ಅವುಗಳನ್ನು ಚೆನ್ನಾಗಿ ಯೋಚಿಸಬಲ್ಲ ಒಬ್ಬರೋ ಒಂದು ಸಣ್ಣ ತಂಡವೋ ಬೇಗ ಮಾಡಬಹುದು. ತೊಂದರೆ ಆಗುವುದು ಎರಡನೇ ಬಗೆಯನ್ನೂ ಮೊದಲನೆಯದರ ಹಾಗೆ ಮುಖ್ಯಸ್ಥರ ಮೇಜಿಗೆ ತಂದಾಗ.

ಎತ್ತಿಟ್ಟ ಹಾಳೆಯನ್ನು ಈಗ ತೆಗೆಯಿರಿ. ನಿಮ್ಮ ಬಳಿ ಬಂದ ಪ್ರತಿ ತೀರ್ಮಾನವನ್ನು ಮೂರು ಗುಂಪು ಮಾಡಿ. 'ನೀವೇ ಮಾಡಿ, ನನಗೆ ಹೇಳುವುದೂ ಬೇಡ' ಒಂದು. 'ನೀವೇ ಮಾಡಿ, ಆಮೇಲೆ ತಿಳಿಸಿ' ಇನ್ನೊಂದು. 'ಮಾಡುವ ಮುಂಚೆ ನನ್ನ ಹತ್ತಿರ ಮಾತಾಡಿ' ಮೂರನೆಯದು. ಯಾವುದನ್ನು ವಾಪಸ್ ತೆಗೆದುಕೊಳ್ಳಲು ಬಾರದೋ, ಯಾವುದು ನಿಮ್ಮ ಐದು ಸಾಲಿನೊಳಗೆ ಬರುತ್ತದೋ ಅದು ಮಾತ್ರ ಮೂರನೇ ಗುಂಪಿಗೆ ಹೋಗಲಿ.

ಬಾಯಿಮಾತಿನಲ್ಲಿ ಹೇಳಿದರೆ ಎರಡೇ ದಿನಕ್ಕೆ ಮರೆತುಹೋಗುತ್ತದೆ. ಬರೆದು ಕೊಡಿ. ಗಡಿಯನ್ನು ಅಳತೆಯಲ್ಲೇ ಹೇಳಿ. 'ಸಣ್ಣಪುಟ್ಟ ರಿಯಾಯಿತಿ ನೀವೇ ಕೊಡಿ' ಎಂದರೆ ಯಾರೂ ಕೊಡುವುದಿಲ್ಲ, ಕೇಳಿಕೊಂಡೇ ಬರುತ್ತಾರೆ. 'ಶೇ 10ರವರೆಗೆ ಕೊಡಿ, ಅದಕ್ಕೆ ಮೇಲಾದರೆ ಮಾತಾಡೋಣ' ಎಂದರೆ ಧೈರ್ಯ ಬರುತ್ತದೆ. ಖರ್ಚಿಗೆ ಮಿತಿ, ರಜೆ ಕೊಡುವ ಅಧಿಕಾರ, ಹಾಳಾದ ಮಾಲು ವಾಪಸ್ ಪಡೆಯುವ ನಿಯಮ, ಎಲ್ಲಕ್ಕೂ ಹೀಗೇ ಒಂದು ಗೆರೆ ಎಳೆಯಿರಿ.

ಆಮೇಲೆ ಕಠಿಣವಾದ ಭಾಗ ಬರುತ್ತದೆ. ಅವರು ಮಾಡಿದ ಮೊದಲ ತೀರ್ಮಾನ ನಿಮಗೆ ಹಿಡಿಸುವುದಿಲ್ಲ. ನೀವಾಗಿದ್ದರೆ ಬೇರೆ ಥರ ಮಾಡುತ್ತಿದ್ದಿರಿ. ಅದನ್ನು ತಿರುಗಿಸಿದಿರೋ, ಎಲ್ಲ ಮುಗಿಯಿತು. ಆ ಒಂದು ಸುದ್ದಿ ಇಡೀ ಸಂಸ್ಥೆಗೆ ಹಬ್ಬುತ್ತದೆ, ಮಾರನೇ ದಿನದಿಂದ ಎಲ್ಲರೂ ಮತ್ತೆ ಕೇಳಿಕೊಂಡು ಬರುತ್ತಾರೆ. ನಾನು ಹಾಗೆ ಮಾಡಿ, ಆ ನಂಬಿಕೆ ಮತ್ತೆ ಕಟ್ಟಲು ಆರು ತಿಂಗಳು ಪಟ್ಟ ಕಷ್ಟ ನೆನಪಿದೆ. ದೊಡ್ಡ ನಷ್ಟವಿಲ್ಲದಿದ್ದರೆ ಬಿಟ್ಟುಬಿಡಿ. ಆಮೇಲೆ ಕೂತು, ಯಾವ ಯೋಚನೆಯಿಂದ ಹೀಗೆ ಮಾಡಿದಿರಿ ಎಂದು ಕೇಳಿ. ಕೆಲವೊಮ್ಮೆ ಅವರ ಯೋಚನೆಯೇ ಸರಿ ಇರುತ್ತದೆ.

ಅಭ್ಯಾಸದಿಂದ ಬಾಗಿಲಿಗೆ ಬಂದವರಿಗೆ ಉತ್ತರ ಕೊಡಬೇಡಿ. 'ನೀವು ಏನು ಮಾಡಬೇಕೆಂದಿದ್ದೀರಿ?' ಎಂದು ಕೇಳಿ. ಅವರು ಹೇಳಿದ್ದು ಮುಕ್ಕಾಲು ಪಾಲು ಸರಿಯಿದ್ದರೂ 'ಹಾಗೇ ಮಾಡಿ' ಅನ್ನಿ. ಇದನ್ನೇ ಹತ್ತು ಸಲ ಮಾಡಿದರೆ ಹನ್ನೊಂದನೇ ಸಲ ಅವರು ಬರುವುದೇ ಇಲ್ಲ.

'ಕಲಿಸುವಷ್ಟರಲ್ಲಿ ನಾನೇ ಮಾಡಿ ಮುಗಿಸುತ್ತೇನೆ' ಎನ್ನುವ ಮಾತಿದೆಯಲ್ಲ, ಅದನ್ನು ಲೆಕ್ಕ ಹಾಕಿ ನೋಡಿ. ವಾರಕ್ಕೆ ಅರ್ಧ ಗಂಟೆಯ ಕೆಲಸ ವರ್ಷಕ್ಕೆ 25 ಗಂಟೆ. ಕಲಿಸಲು ಐದು ಗಂಟೆ ಬೇಕು ಎಂದೇ ಇಟ್ಟುಕೊಳ್ಳಿ. ಹತ್ತು ವಾರಕ್ಕೆ ಅಸಲು ವಾಪಸ್. ಉಳಿದದ್ದೆಲ್ಲ ಲಾಭ, ಅಲ್ವಾ?

ಹಂತ 5: ಮೊದಲು ನಿಮ್ಮ ಗಂಟೆಗಳನ್ನು ಬರೆದುಕೊಳ್ಳಿ

ಈಗ ಬಾಗಿಲು ಹಾಕಬಹುದು. ಹೊರಗೆ ಕೆಲಸ ನಿಲ್ಲುವುದಿಲ್ಲ.

ಮುಂದಿನ ವಾರದ ಕ್ಯಾಲೆಂಡರ್ ಈ ವಾರವೇ ತುಂಬಿಸಿ. ಚುರುಕು ಹೊತ್ತಿನಲ್ಲಿ ಒಂದೂವರೆ ಗಂಟೆಯಂತೆ ಮೂರು ಅಥವಾ ನಾಲ್ಕು ತುಂಡು ತೆಗೆದಿಡಿ. 'ಬಿಡುವಿಲ್ಲ' ಎಂದಷ್ಟೇ ಬರೆದರೆ ನೀವೇ ಅದನ್ನು ಮೊದಲು ಬಿಟ್ಟುಕೊಡುತ್ತೀರಿ. 'ಹೊಸ ಘಟಕ ಬೇಕೇ ಬೇಡವೇ, ಟಿಪ್ಪಣಿ ಬರೆಯುವುದು' ಎಂದು ಕೆಲಸದ ಹೆಸರನ್ನೇ ಬರೆಯಿರಿ.

ಈ ತುಂಡುಗಳು ಉದ್ದವಾಗಿ ಇರಬೇಕಾದ್ದಕ್ಕೆ ಕಾರಣ ಇದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಂಗತಿ ತೋರಿಸಿದರು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ನಮ್ಮ ಗಮನದ ಒಂದಿಷ್ಟು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ. ಹೊಸ ಕೆಲಸಕ್ಕೆ ಪೂರ್ತಿ ತಲೆ ಸಿಗುವುದಿಲ್ಲ. ಹಾಗಾಗಿ ಎರಡು ಮೀಟಿಂಗುಗಳ ನಡುವಿನ 20 ನಿಮಿಷದ ಬಿಡುವು ಯೋಚನೆಗೆ ಬಾರದು. ಅಂಥ ಆರು ಬಿಡುವು ಕೂಡಿಸಿದರೂ ಎರಡು ಗಂಟೆಯ ಯೋಚನೆ ಆಗುವುದಿಲ್ಲ. ನಡುವೆ ಏಳಲೇಬೇಕಾಗಿ ಬಂದರೆ, ಎಲ್ಲಿಗೆ ಬಂದೆ, ಮುಂದೇನು ಎಂದು ಒಂದು ಸಾಲು ಬರೆದು ಏಳಿ. ಮನಸ್ಸು ಅದನ್ನು ಹೊತ್ತುಕೊಂಡು ತಿರುಗಬೇಕಾಗಿಲ್ಲ.

ಸಣ್ಣಪುಟ್ಟ ಕೆಲಸಗಳನ್ನು ದಣಿದ ಹೊತ್ತಿಗೆ ಒಟ್ಟು ಮಾಡಿ. ಸಹಿ, ಬಿಲ್ಲು, ಮಾಮೂಲಿ ಉತ್ತರ, ಎಲ್ಲ ಒಂದೇ ಸಾಲಿಗೆ.

ಮತ್ತೆ, ವಾರದ ಐದನೇ ಒಂದು ಭಾಗವನ್ನು ಖಾಲಿ ಬಿಡಿ. ಹೊಸಬರು ಇದನ್ನು ಕೇಳಿ ಹೌಹಾರುತ್ತಾರೆ. ಆದರೆ ಪ್ರತಿ ವಾರವೂ ಏನೋ ಒಂದು ಎದ್ದೇ ಏಳುತ್ತದೆ. ಯಂತ್ರ ಕೆಡುತ್ತದೆ, ಮುಖ್ಯವಾದ ಒಬ್ಬರು ಕೆಲಸ ಬಿಡುತ್ತೇನೆ ಎನ್ನುತ್ತಾರೆ. ಕೆಲಸಕ್ಕೆ ಹಿಡಿಯುವ ಸಮಯವನ್ನು ನಾವು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತೇವೆ ಎಂದು ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಎತ್ತಿ ತೋರಿಸಿದ್ದರು. ಖಾಲಿ ಜಾಗ ಇಲ್ಲದಿದ್ದರೆ ಎದ್ದು ಬಂದದ್ದು ನಿಮ್ಮ ಯೋಚನೆಯ ಗಂಟೆಯನ್ನೇ ತಿನ್ನುತ್ತದೆ.

ಹಂತ 6: ಮೀಟಿಂಗುಗಳನ್ನು ಸೊನ್ನೆಯಿಂದ ಕಟ್ಟಿ

ಎಂಟು ಜನ ವಾರಕ್ಕೊಮ್ಮೆ ಒಂದು ಗಂಟೆ ಕೂರುತ್ತಾರೆ ಎನ್ನೋಣ. ಕ್ಯಾಲೆಂಡರಿನಲ್ಲಿ ಕಾಣುವುದು ಒಂದು ಗಂಟೆ. ಸಂಸ್ಥೆಗೆ ಆಗುವ ಖರ್ಚು ಎಂಟು ಗಂಟೆ. 50 ವಾರಕ್ಕೆ 400 ಗಂಟೆ. ವಾರಕ್ಕೆ 40 ಗಂಟೆ ದುಡಿಯುವ ಒಬ್ಬರ ಹತ್ತು ವಾರ ಪೂರ್ತಿ. ಇಷ್ಟು ಖರ್ಚಿನ ಯಂತ್ರ ಬೇಕೆಂದರೆ ನೀವು ಮೂರು ಕಡೆ ವಿಚಾರಿಸುತ್ತೀರಿ. ಮೀಟಿಂಗನ್ನು ಮಾತ್ರ ಒಂದು ಕ್ಲಿಕ್ಕಿನಲ್ಲಿ ಶುರು ಮಾಡಿಬಿಡುತ್ತೇವೆ. ನಿಲ್ಲಿಸುವವರು ಯಾರೂ ಇಲ್ಲ.

2023ರ ಜನವರಿಯಲ್ಲಿ ಶಾಪಿಫೈ ಕಂಪನಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಮಾಮೂಲಿ ಮೀಟಿಂಗುಗಳನ್ನೆಲ್ಲ ಒಮ್ಮೆಲೇ ಅಳಿಸಿಹಾಕಿತು. ಬುಧವಾರ ಮೀಟಿಂಗೇ ಬೇಡ ಎಂದಿತು. ಸಣ್ಣ ಪ್ರಮಾಣದಲ್ಲಿ ನೀವೂ ಇದನ್ನು ಮಾಡಬಹುದು. ಎಲ್ಲ ಮಾಮೂಲಿ ಮೀಟಿಂಗುಗಳನ್ನು ನಾಲ್ಕು ವಾರ ನಿಲ್ಲಿಸಿ. ಯಾವುದು ಇಲ್ಲದೆ ನಿಜವಾಗಿ ತೊಂದರೆ ಆಯಿತೋ ಅದನ್ನಷ್ಟೇ ವಾಪಸ್ ತನ್ನಿ. ಒಂದೊಂದನ್ನೇ 'ಇದು ಬೇಕಾ?' ಎಂದು ಕೇಳುತ್ತಾ ಹೋದರೆ ಪ್ರತಿಯೊಂದಕ್ಕೂ ಒಬ್ಬ ವಕೀಲ ಹುಟ್ಟಿಕೊಳ್ಳುತ್ತಾನೆ. ಎಲ್ಲವನ್ನೂ ತೆಗೆದು, ಬೇಕಾದ್ದನ್ನು ಸೇರಿಸುವುದೇ ಸುಲಭ.

ವಾಪಸ್ ಬಂದವುಗಳಿಗೆ ಷರತ್ತು ಇರಲಿ. ಕರೆದವರು ಹಿಂದಿನ ದಿನವೇ ಒಂದು ಪುಟ ಬರೆದು ಕಳಿಸಬೇಕು: ವಿಷಯ ಏನು, ಯಾವ ತೀರ್ಮಾನ ಬೇಕು, ಅವರ ಸಲಹೆ ಏನು. ಪುಟ ಇಲ್ಲದಿದ್ದರೆ ಮೀಟಿಂಗು ಇಲ್ಲ. ಬರೆಯಲು ಕೂತಾಗಲೇ ಅರ್ಧ ವಿಷಯ ಅಲ್ಲೇ ಬಗೆಹರಿಯುವುದನ್ನು ನೋಡಿದ್ದೇನೆ. ಬರೀ ಮಾಹಿತಿ ಹೇಳುವುದಿದ್ದರೆ ಆ ಪುಟವೇ ಸಾಕು, ಕೂರುವುದು ಬೇಡ.

ಹೊತ್ತನ್ನೂ ಕತ್ತರಿಸಿ. ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ದಿ ಎಕನಾಮಿಸ್ಟ್ ಪತ್ರಿಕೆಯಲ್ಲಿ ಒಂದು ನಿಯಮ ಬರೆದರು. ಎಷ್ಟು ಸಮಯ ಕೊಟ್ಟರೆ ಅಷ್ಟಕ್ಕೂ ಕೆಲಸ ಹಿಗ್ಗುತ್ತದೆ ಎಂಬುದು ಅದರ ಸಾರ. ಒಂದು ಗಂಟೆ ಇಟ್ಟರೆ ಒಂದು ಗಂಟೆ ಮಾತಾಡುತ್ತೇವೆ. 25 ನಿಮಿಷ ಇಟ್ಟರೆ ಅಷ್ಟರಲ್ಲೇ ಮುಗಿಸುತ್ತೇವೆ. ಎದ್ದು ಹೋಗುವ ಮುಂಚೆ ಯಾರು ಏನು ಮಾಡುತ್ತಾರೆ, ಯಾವತ್ತಿನೊಳಗೆ ಎಂದು ಗಟ್ಟಿಯಾಗಿ ಓದಿ ಹೇಳಲಿ.

ನಿಮ್ಮನ್ನು ಗೌರವಕ್ಕೆಂದು ಕರೆಯುವ ಮೀಟಿಂಗುಗಳೂ ಇರುತ್ತವೆ. ಅಲ್ಲಿಂದ ನೀವು ಎದ್ದರೆ ಉಳಿದವರು ಇನ್ನೂ ಬಿಚ್ಚು ಮನಸ್ಸಿನಿಂದ ಮಾತಾಡುತ್ತಾರೆ.

ಹಂತ 7: ಫೋನು ಮತ್ತು ಮೆಸೇಜು

ಇದರ ಬಗ್ಗೆ ಎಲ್ಲರಿಗೂ ಗೊತ್ತು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಸದ್ದು ಮಾಡುವ ಸೂಚನೆಗಳನ್ನು ಆರಿಸಿ. ಇ-ಮೇಲ್, ಮೆಸೇಜು ದಿನಕ್ಕೆ ಮೂರು ಹೊತ್ತು ನೋಡಿ, ಆ ಹೊತ್ತು ಯಾವುದು ಎಂದು ತಂಡಕ್ಕೆ ಹೇಳಿಬಿಡಿ. ನಿಜವಾದ ತುರ್ತಿಗೆ ಒಂದೇ ದಾರಿ ಇಡಿ, ಅದು ಫೋನ್ ಕರೆಯಾಗಿರಲಿ. ಯಾವುದನ್ನು ತುರ್ತು ಎನ್ನಬೇಕು ಎಂದು ಮೊದಲೇ ಬರೆದುಕೊಡಿ: ಯಾರಿಗಾದರೂ ಅಪಾಯ, ಕೆಲಸ ಪೂರ್ತಿ ನಿಂತಿದೆ, ದೊಡ್ಡ ಗ್ರಾಹಕರು ಕೈಬಿಟ್ಟು ಹೋಗುತ್ತಿದ್ದಾರೆ, ಇಂಥವು.

ಮುಖ್ಯಸ್ಥರಿಗೆ ಮಾತ್ರ ಇರುವ ಒಂದು ಹೊಣೆ ಇಲ್ಲಿದೆ. ನೀವು ರಾತ್ರಿ 11ಕ್ಕೆ ಕಳಿಸಿದ ಮೆಸೇಜಿಗೆ ಯಾರೋ 11.05ಕ್ಕೆ ಉತ್ತರಿಸುತ್ತಾರೆ. ನೀವು ಕೇಳಿರಲಿಲ್ಲ, ನಿಜ. ಆದರೂ ಅವರ ನಿದ್ದೆ ಕೆಟ್ಟಿತು. ಬರೆದಿಟ್ಟು ಬೆಳಗ್ಗೆ ಕಳಿಸಿ. ಬೇರೆಯವರ ಹೊತ್ತಿಗೆ ಬೆಲೆ ಕೊಡದ ಸಂಸ್ಥೆಯಲ್ಲಿ ನಿಮ್ಮ ಹೊತ್ತಿಗೂ ಯಾರೂ ಬೆಲೆ ಕೊಡುವುದಿಲ್ಲ.

ಹಂತ 8: 'ಆಗಲ್ಲ' ಎನ್ನುವುದನ್ನು ಕಲಿಯಿರಿ

ಲೆಕ್ಕ, ಕ್ಯಾಲೆಂಡರ್ ಎಲ್ಲ ಸರಿ ಮಾಡಿಕೊಂಡವರೂ ಸೋಲುವ ಜಾಗ ಇದು. ಕಾರಣ ದಾಕ್ಷಿಣ್ಯ. ಹಳೆಯ ಪರಿಚಯದವರು ಕರೆದರು, ಮುಲಾಜಿಗೆ ಬಿದ್ದು ಒಪ್ಪಿಕೊಂಡೆವು. ಆರು ವಾರ ಆಚೆಯ ದಿನ ಖಾಲಿ ಕಂಡಿತು, 'ಆಯ್ತು' ಎಂದೆವು. ಆ ದಿನ ಹತ್ತಿರ ಬಂದಾಗ ಅದೂ ಇವತ್ತಿನ ಹಾಗೇ ತುಂಬಿರುತ್ತದೆ. ಒಪ್ಪಿಕೊಳ್ಳುವ ಮುಂಚೆ, ಇದು ನಾಳೆ ಬೆಳಗ್ಗೆಯೇ ಇದ್ದಿದ್ದರೆ ಹೋಗುತ್ತಿದ್ದೆನಾ ಎಂದು ಕೇಳಿಕೊಳ್ಳಿ. 'ಇಲ್ಲ' ಎಂದರೆ ಆರು ವಾರದ ಮೇಲೂ ಇಲ್ಲ.

ಹೇಳುವ ರೀತಿಯಲ್ಲಿ ಮರ್ಯಾದೆ ಇರಲಿ, ಮಾತಿನಲ್ಲಿ ಗೊಂದಲ ಬೇಡ. 'ನೋಡೋಣ, ಪ್ರಯತ್ನ ಮಾಡ್ತೀನಿ' ಎಂದರೆ ಎದುರಿನವರು ಸುಮ್ನೆ ಕಾಯುತ್ತಾರೆ. ಅದು ಅವರಿಗೂ ಅನ್ಯಾಯ. ನಾನು ಬಳಸುವ ಮಾತುಗಳು ಇವು:

'ಕರೆದಿದ್ದಕ್ಕೆ ಸಂತೋಷ. ಈ ಮೂರು ತಿಂಗಳು ಹೊಸದೇನನ್ನೂ ಒಪ್ಪಿಕೊಳ್ಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ.'

'ಈ ವಿಷಯ ನನಗಿಂತ ನಮ್ಮ ಮಾರಾಟದ ಮುಖ್ಯಸ್ಥರಿಗೆ ಚೆನ್ನಾಗಿ ಗೊತ್ತು. ಅವರನ್ನೇ ಮಾತಾಡಿಸಿ, ನಾನು ಹೇಳಿರುತ್ತೇನೆ.'

'ಭೇಟಿಗೆ ಮುಂಚೆ ವಿಷಯ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿ. ಓದಿ ಉತ್ತರ ಕೊಡುತ್ತೇನೆ.'

ಕೊನೆಯದು ಬಹಳ ಕೆಲಸಕ್ಕೆ ಬರುತ್ತದೆ. ನಾಲ್ಕು ಸಾಲು ಬರೆಯುವಷ್ಟು ಅಗತ್ಯ ಇಲ್ಲದವರು ಮತ್ತೆ ಬರುವುದಿಲ್ಲ. ಬರೆದವರಿಗೆ ಕೊಟ್ಟ ಮಾತಿನಂತೆ ಉತ್ತರ ಕೊಡಲೇಬೇಕು.

ಹಂತ 9: ಸಹಾಯಕರಿದ್ದರೆ ನಿಯಮ ಕೊಡಿ

ಕ್ಯಾಲೆಂಡರ್ ನೋಡಿಕೊಳ್ಳುವವರು ಇದ್ದರೆ ಅವರಿಗೆ ನಿಮ್ಮ ಐದು ಸಾಲಿನ ಪಟ್ಟಿ ಕೊಡಿ. ಯಾರು ಯಾವಾಗ ಬಂದರೂ ಸಮಯ ಕೊಡಬೇಕು, ಯಾರಿಗೆ ವಾರ ಕಾಯಿಸಬಹುದು, ಯಾವ ಗಂಟೆಗಳನ್ನು ಯಾರಿಗೂ ಕೊಡಬಾರದು ಎಂದು ಬರೆದಿಡಿ. ವಾರಕ್ಕೊಮ್ಮೆ 15 ನಿಮಿಷ ಜೊತೆಗೆ ಕೂತು ಮುಂದಿನ ಎರಡು ವಾರ ನೋಡಿ. ಅವರು ಒಬ್ಬರಿಗೆ 'ಆಗಲ್ಲ' ಎಂದು ಹೇಳಿದ ಮೇಲೆ ನೀವು ಹಿಂದಿನ ಬಾಗಿಲಿಂದ 'ಬನ್ನಿ' ಎನ್ನಬೇಡಿ. ಅವರ ಮಾತಿಗೆ ಬೆಲೆ ಹೋಗುತ್ತದೆ.

ಹಂತ 10: ನಿದ್ದೆ ಮತ್ತು ಮನೆಯನ್ನೂ ಕ್ಯಾಲೆಂಡರಿಗೆ ಸೇರಿಸಿ

ಸಮಯ ಸಾಲದೆ ಬಂದಾಗ ನಾವು ಮೊದಲು ಕೈಹಾಕುವುದು ನಿದ್ದೆಗೆ. ಕೇಳುವವರು ಯಾರೂ ಇಲ್ಲವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35 ಹೆಚ್ಚು. ಹೃದಯಕ್ಕೆ ರಕ್ತ ಸಾಲದೆ ಬರುವ ಕಾಯಿಲೆಯಿಂದ ಸಾಯುವ ಅಪಾಯ ಶೇ 17 ಹೆಚ್ಚು. ಈ ಅಂಕಿಗಳನ್ನು ಓದಿ ಮುಂದಕ್ಕೆ ಹೋಗಬೇಡಿ. ಹಂತ 1ರ ನಿಮ್ಮ ಲೆಕ್ಕದಲ್ಲಿ ವಾರದ ಒಟ್ಟು ಎಷ್ಟು ಬಂದಿತ್ತು, ಒಮ್ಮೆ ತಿರುಗಿ ನೋಡಿ.

ತೀರ್ಮಾನ ಮಾಡುವುದೇ ನಿಮ್ಮ ಕೆಲಸ. ದಣಿದ ತಲೆ ಕೆಟ್ಟ ತೀರ್ಮಾನ ಮಾಡುತ್ತದೆ, ಅದನ್ನು ಸರಿಮಾಡಲು ತಿಂಗಳುಗಳು ಬೇಕಾಗುತ್ತವೆ. ಹಾಗಾಗಿ ಮಲಗುವ ಹೊತ್ತು, ಮನೆಯವರ ಜೊತೆ ಕೂರುವ ಹೊತ್ತು, ನಡೆಯುವ ಹೊತ್ತು ಇವನ್ನೂ ದೊಡ್ಡ ಗ್ರಾಹಕರ ಭೇಟಿಯಷ್ಟೇ ಗಟ್ಟಿಯಾಗಿ ಬರೆದುಕೊಳ್ಳಿ. ಮಕ್ಕಳಿಗೆ ಮಾತು ಕೊಟ್ಟ ಸಂಜೆಯನ್ನು ಮೀಟಿಂಗಿಗೆ ಬಿಟ್ಟುಕೊಟ್ಟ ನೋವು ನನ್ನಲ್ಲಿ ಇನ್ನೂ ಇದೆ. ಆ ಮೀಟಿಂಗು ಯಾವ ವಿಷಯಕ್ಕೆ ಅಂತ ಮಾತ್ರ ಈಗ ನೆನಪಿಲ್ಲ.

ಹಂತ 11: ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ

ಕಳೆ ಕಿತ್ತ ಹೊಲದಲ್ಲಿ ಮತ್ತೆ ಕಳೆ ಬರುತ್ತದೆ. ಹೊಸ ಮೀಟಿಂಗು ಹುಟ್ಟುತ್ತದೆ, ಹಳೆಯ ತೀರ್ಮಾನ ನಿಮ್ಮ ಮೇಜಿಗೆ ವಾಪಸ್ ಬರುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ವಾರ ಮತ್ತೆ ಬರೆದಿಡಿ. ಎರಡು ಅಂಕಿ ಮಾತ್ರ ಹೋಲಿಸಿ: ಐದು ಸಾಲಿಗೆ ಸಿಕ್ಕ ಗಂಟೆ ಎಷ್ಟು, ಬೇರೆಯವರು ಶುರು ಮಾಡಿದ್ದು ಎಷ್ಟು. ಮೊದಲನೆಯದು ಏರದಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ. ಎಲ್ಲೋ ಒಂದು ತೀರ್ಮಾನವನ್ನು ನೀವು ಕೈಯಿಂದ ಬಿಟ್ಟಿರುವುದಿಲ್ಲ.

ಉಳಿದ ಗಂಟೆಗಳು ಮೊದಲ ಸಲ ಕೈಗೆ ಬಂದಾಗ ಒಂದು ಥರ ಕಸಿವಿಸಿ ಆಗುತ್ತದೆ. ಏನೋ ಮರೆತಿದ್ದೇನೆ ಅನಿಸುತ್ತದೆ. ಕೈ ತಾನಾಗಿ ಇ-ಮೇಲ್ ತೆರೆಯುತ್ತದೆ. ಅದಕ್ಕೆ ಆ ಗಂಟೆಯಲ್ಲಿ ಏನು ಮಾಡುತ್ತೀರಿ ಎಂದು ಮೊದಲೇ ಬರೆದಿಟ್ಟಿರಿ. ನನ್ನ ಸಲಹೆ ಕೇಳುವುದಾದರೆ ಮೊದಲು ಸಿಕ್ಕ ಎರಡು ಗಂಟೆಯಲ್ಲಿ ಮೂವರು ಗ್ರಾಹಕರಿಗೆ ನೀವೇ ಫೋನ್ ಮಾಡಿ. ಏನನ್ನೂ ಮಾರಬೇಡಿ. ನಮ್ಮಿಂದ ನಿಮಗೆ ಯಾವ ತೊಂದರೆ ಆಗುತ್ತಿದೆ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.